ಮ್ಯಾನೇಜರ್ "ಬಘೂಯಾ" ಅಂತಾರೆ, ಇಂಟರ್ನ್‌ಶಿಪ್ ಮುಗಿಯಲು ಎರಡು ತಿಂಗಳೂ ಇಲ್ಲ. ಕೇಳಲಾ, ಸುಮ್ನಿರಲಾ?

ಗದಗ ಟು ವಾಕಡ್
ಪುಣೆಗೆ ಬಂದಾಗಿನಿಂದ ಈ ಫೋರಂನಲ್ಲಿ ಬರೀ ಓದುತ್ತಿದ್ದೆ. ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ. ಉದ್ದ ಆದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನದು ವಿಟಿಯು, ಎಂಟನೇ ಸೆಮಿಸ್ಟರ್. ಫೆಬ್ರವರಿಯಿಂದ ಹಿಂಜವಾಡಿ ಐಟಿ ಪಾರ್ಕಿನ ಫೇಸ್ 2ರ ಒಂದು ಕಂಪನಿಯಲ್ಲಿ ಇಂಟರ್ನ್. ಜುಲೈ 31ಕ್ಕೆ ಮುಗಿಯುತ್ತೆ. ಸ್ಟೈಪೆಂಡ್ 20,000 ಅಂತ ಲೆಟರ್‌ನಲ್ಲಿದೆ, ಖಾತೆಗೆ 18,000 ಬೀಳುತ್ತೆ. ಪಿಜಿಗೆ 9,500. ಉಳಿದಿದ್ದರಲ್ಲಿ ಆಟೋ, ಚಹಾ, ಊರಿನ ಬಸ್ಸು.

ಕೆಲಸ ಟೆಸ್ಟಿಂಗ್, ಸಾಫ್ಟ್‌ವೇರ್ ಸರಿಯಾಗಿ ಓಡುತ್ತಾ ಅಂತ ನೋಡೋದು. ರಾತ್ರಿ ತಾನಾಗೇ ಓಡುವ ಟೆಸ್ಟ್‌ಗಳು 212 ಇವೆ. ಬೆಳಿಗ್ಗೆ ಬಂದು ನೋಡಿದರೆ ದಿನಾ ಮೂವತ್ತು ನಲವತ್ತು ಕೆಂಪಗೆ, ಅಂದರೆ ಫೇಲ್ ಆಗಿ, ಇರುತ್ತಿದ್ದವು. ಅದರಲ್ಲಿ ನಿಜವಾದ ಬಗ್ ಮೂರೋ ನಾಲ್ಕೋ. ಉಳಿದವು ಸರ್ವರ್ ನಿಧಾನ ಆಗಿದ್ದಕ್ಕೋ, ಟೆಸ್ಟ್ ಡೇಟಾ ಹಳೆಯದಾಗಿದ್ದಕ್ಕೋ ಬಿದ್ದವು. ಯಾವುದು ಯಾವುದು ಅಂತ ಯಾರೂ ಬೇರೆ ಮಾಡುತ್ತಿರಲಿಲ್ಲ. ನಾನು ಒಂದು ಶೀಟ್ ಮಾಡಿದೆ. ಎಂಟೂವರೆಗೇ ಬಂದು, ಯಾವುದು ನಿಜ, ಯಾವುದು ಸುಮ್ನೆ ಅಂತ ಬಣ್ಣ ಹಚ್ಚಿ ಇಡುತ್ತೇನೆ. ಈಗ ಹತ್ತು ಗಂಟೆಯ ಸ್ಟ್ಯಾಂಡಪ್ ಮೀಟಿಂಗ್‌ನಲ್ಲಿ ಮ್ಯಾನೇಜರ್ ಮೊದಲು ತೆರೆಯುವುದೇ ಆ ಶೀಟ್.

ನಾವು ಮೂರು ಜನ ಇಂಟರ್ನ್. ಒಬ್ಬರನ್ನು ಇಟ್ಟುಕೊಳ್ಳುತ್ತಾರಂತೆ, ಇಬ್ಬರನ್ನಂತೆ, ಬರೀ ಗಾಳಿಸುದ್ದಿ. ಮ್ಯಾನೇಜರ್ ಒಳ್ಳೆಯವರೇ, ಮುಂದೇನು ಅಂದರೆ ನಕ್ಕು "ಬಘೂಯಾ" ಅಂತಾರೆ. ಮರಾಠಿಯಲ್ಲಿ ನೋಡೋಣ ಅಂತ. ಮೂರು ಸಲ ಆಯ್ತು.

ಈ ಮಧ್ಯೆ ಕಾಲೇಜಿನ ಕಡೆಯಿಂದ ಬೆಂಗಳೂರಿನ ಸಣ್ಣ ಕಂಪನಿಯೊಂದರ ಆಫರ್ ಬಂದಿದೆ. ವರ್ಷಕ್ಕೆ 3.6 ಲಕ್ಷ, ಎರಡು ವರ್ಷ ಬಾಂಡ್, ಮಧ್ಯೆ ಬಿಟ್ಟರೆ ಒಂದೂವರೆ ಲಕ್ಷ ಕಟ್ಟಬೇಕು. ಜೂನ್ 20ರೊಳಗೆ ಉತ್ತರ ಕೊಡಬೇಕು. ಇವತ್ತು 3.

ಅಪ್ಪ ಪ್ರತಿ ಭಾನುವಾರ ಫೋನಿನಲ್ಲಿ ಕೇಳೋದು ಒಂದೇ, "ಪರ್ಮನೆಂಟ್ ಆಯ್ತೇನವ್ವಾ?" ಏನು ಹೇಳಲಿ?

ಫೇಸ್ 3 ಟ್ರಾಫಿಕ್
ಕೇಳು. ಇವತ್ತೇ ಕೇಳು.

ಗಿರ್ಮಿಟ್
ಮೂರು ಸಲ ಬಘೂಯಾ ಅಂದ್ರೆ ಇಲ್ಲ ಅಂತಲೇ ಅರ್ಥ. ಬೆಂಗಳೂರಿಗೆ ಹೋಗು. ಇಡ್ಲಿನಾದ್ರೂ ಸರಿಯಾಗಿ ಸಿಗುತ್ತೆ.

ನಾನೂ ಎಚ್‌ಆರೇ
ಬೈಯುವವರು ಬೈಯಲಿ, ನಾನು ಈ ಕಡೆಯ ಕಥೆ ಹೇಳುತ್ತೇನೆ. ಒಂಬತ್ತು ವರ್ಷದಿಂದ ಬಾಣೇರ್‌ನಲ್ಲಿ ಕೂತು ಇದೇ ಕೆಲಸ ಮಾಡುತ್ತಿದ್ದೇನೆ.

ತಂಗಿ, ಬಘೂಯಾಕ್ಕೆ ಎರಡು ಅರ್ಥ ಇದೆ. ನಿನ್ನ ಕೆಲಸ ಅವರಿಗೆ ಅಷ್ಟಕ್ಕಷ್ಟೇ, ಮುಖಕ್ಕೆ ಹೇಳಲು ಸಂಕೋಚ. ಅದು ಒಂದು. ಇನ್ನೊಂದು, ಕೆಲಸ ಇಷ್ಟ ಆಗಿದೆ, ಆದರೆ ಸೀಟು ಅವರ ಕೈಯಲ್ಲಿಲ್ಲ. ನಾನು ನೋಡಿದ ಮಟ್ಟಿಗೆ ಎರಡನೆಯದೇ ಜಾಸ್ತಿ.

ಯಾವ ಟೀಮಿಗೆ ಎಷ್ಟು ಜನ ಅನ್ನುವ ಲೆಕ್ಕಕ್ಕೆ ಹೆಡ್‌ಕೌಂಟ್ ಅಂತೀವಲ್ಲ, ಅದನ್ನು ವರ್ಷದ ಶುರುವಿನಲ್ಲೇ ಕಟ್ಟಿ ಇಟ್ಟಿರುತ್ತಾರೆ. ನಮ್ಮ ದೇಶದ ಕಂಪನಿಗೆ ವರ್ಷ ಅಂದರೆ ಏಪ್ರಿಲ್‌ನಿಂದ. ಹೊರಗಿನ ಬಹಳಷ್ಟು ಕಂಪನಿಗಳಿಗೆ ಜನವರಿಯಿಂದ. ಇಂಟರ್ನ್ ದುಡ್ಡು ಒಂದು ಡಬ್ಬಿಯಿಂದ ಬರುತ್ತೆ, ಪರ್ಮನೆಂಟ್ ಸಂಬಳ ಬೇರೆ ಡಬ್ಬಿಯಿಂದ. ಆ ಎರಡನೇ ಡಬ್ಬಿ ತೆಗೆಸಬೇಕಾದರೆ ನಿನ್ನ ಮ್ಯಾನೇಜರ್ ಮೇಲಿನವರಿಗೆ ಕಾರಣ ಬರೆಯಬೇಕು, ಫೈನಾನ್ಸ್‌ನವರು ತಲೆ ಆಡಿಸಬೇಕು, ಆಮೇಲೆ ನಮ್ಮ ಕೈಗೆ ಬರುತ್ತೆ. ನಮ್ಮಲ್ಲಂತೂ ಆರು ವಾರ ಆರಾಮಾಗಿ ಹಿಡಿಯುತ್ತೆ. ಜುಲೈ ಕೊನೇ ವಾರ ಬಂದು ಅಳುವ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ. ಆಗ ಮ್ಯಾನೇಜರ್‌ಗೆ ಮನಸ್ಸಿದ್ದರೂ ಕೈ ಕಟ್ಟಿರುತ್ತೆ.

ಹಾಗಾಗಿ "ನನ್ನನ್ನು ತಗೋತೀರಾ ಸರ್" ಅಂತ ಕೇಳಬೇಡ, ಅದಕ್ಕೆ ಬಘೂಯಾ ಅನ್ನೋದು ಸುಲಭ. ಟೀಮಿನಲ್ಲಿ ಸೀಟು ಇದೆಯಾ, ಒಪ್ಪಿಗೆ ಯಾವ ತಿಂಗಳು ಸಿಗುತ್ತೆ, ನನ್ನ ಹೆಸರು ಹೋಗಿದೆಯಾ ಅಂತ ಕೇಳು. ಈ ಮೂರಕ್ಕೆ ನಕ್ಕು ಉತ್ತರ ಕೊಡೋಕೆ ಆಗಲ್ಲ.

ಗಿರ್ಮಿಟ್
ಮೇಡಂ, ಡಬ್ಬಿ ಕಥೆ ಚೆನ್ನಾಗಿದೆ. 20,000ಕ್ಕೆ ಆಗುವ ಕೆಲಸಕ್ಕೆ ಅದರ ಎರಡರಷ್ಟು ಯಾರು ಕೊಡುತ್ತಾರೆ ಅಂತಲೂ ಹೇಳಿಬಿಡಿ. ನಮ್ಮ ಫ್ಲೋರ್‌ನಲ್ಲಿ ಎರಡು ವರ್ಷದಲ್ಲಿ ಒಂದೇ ಕುರ್ಚಿ ಮೇಲೆ ನಾಲ್ಕು ಇಂಟರ್ನ್ ಕೂತು ಎದ್ದು ಹೋದರು. ಕುರ್ಚಿ ಮಾತ್ರ ಪರ್ಮನೆಂಟ್.

ನಾನೂ ಎಚ್‌ಆರೇ
ಅಂಥ ಕುರ್ಚಿಗಳೂ ಇವೆ, ಇಲ್ಲ ಅನ್ನಲ್ಲ. ಅದಕ್ಕೇ ಹೋದ ಬ್ಯಾಚಿನಲ್ಲಿ ಎಷ್ಟು ಜನ ಉಳಿದರು ಅಂತ ಮೊದಲು ನೋಡಬೇಕು. ತಂಗಿ, ನಿನ್ನ ಟೀಮಿನಲ್ಲಿ ಇಂಟರ್ನ್ ಆಗಿ ಬಂದು ಉಳಿದವರು ಯಾರಾದರೂ ಇದ್ದಾರಾ?

ಗದಗ ಟು ವಾಕಡ್
ಒಬ್ಬರಿದ್ದಾರೆ ಅಕ್ಕ. ಸೋಲಾಪುರದವರು, ಕನ್ನಡ ಬರುತ್ತೆ. ಹೆಚ್ಚು ಮಾತಾಡಿಲ್ಲ.

ನಾನೂ ಎಚ್‌ಆರೇ
ಅವರು ಪಕ್ಕದಲ್ಲೇ ಇರುವಾಗ ನಮ್ಮನ್ನು ಕೇಳುತ್ತಿದ್ದೀಯಲ್ಲ! ನಾಳೆ ಟಪರಿಗೆ ಕರೆದುಕೊಂಡು ಹೋಗಿ ಒಂದು ಚಹಾ ಕುಡಿಸು. ಅವರಿಗೆ ಲೆಟರ್ ಯಾವಾಗ ಬಂತು, ಯಾರು ಸಹಿ ಹಾಕಿದರು, ಕೇಳು.

ಔಂಧ್ ಅಣ್ಣ
ಒಂದು ಮಾತು. ಆ ಶೀಟ್ ಹೇಗೆ ಮಾಡೋದು ಅಂತ ಯಾರಿಗೂ ಹೇಳಿಕೊಡಬೇಡ. ನಿನ್ನ ಹತ್ತಿರ ಇರುವ ಒಂದೇ ಅಸ್ತ್ರ ಅದು. ಜುಲೈನಲ್ಲಿ ನೀನು ಹೋದರೆ ಕೆಲಸ ನಿಲ್ಲುತ್ತೆ ಅಂತ ಅವರಿಗೆ ಅನ್ನಿಸಬೇಕು.

ಖರಾಡಿ ಕಾಕಾ
ಔಂಧ್ ಅಣ್ಣ, ನಿಮ್ಮ ಈ ಬುದ್ಧಿ ನನಗೂ ಇತ್ತು. ಎಲ್ಲಿಗೆ ಬಂತು ಕೇಳಿ.

2008. ನಾನು ಟ್ರೇನಿ, ಒಂದು ವರ್ಷದ ಕರಾರು. ಪ್ರತಿ ಶುಕ್ರವಾರ ರಿಲೀಸ್, ಅಂದರೆ ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಹಾಕೋದು, ಇರುತ್ತಿತ್ತು. ಇಪ್ಪತ್ತು ಫೈಲ್ ಅಲ್ಲಿಂದ ಇಲ್ಲಿಗೆ ಕಾಪಿ ಮಾಡಿ, ಎರಡು ಸರ್ವಿಸ್ ನಿಲ್ಲಿಸಿ, ಮತ್ತೆ ಎಬ್ಬಿಸಬೇಕು. ಎಲ್ಲರೂ ಕೈಯಲ್ಲೇ ಮಾಡೋರು. ನಾನು ಅದನ್ನೆಲ್ಲ ತಾನೇ ಮಾಡುವ ಒಂದು ಸ್ಕ್ರಿಪ್ಟ್ ಬರೆದೆ, ಮೂರು ಗಂಟೆಯ ಕೆಲಸ ಹತ್ತು ನಿಮಿಷಕ್ಕೆ ಬಂತು. ಸ್ಕ್ರಿಪ್ಟ್ ಇದ್ದಿದ್ದು ನನ್ನ ಮಷೀನಿನಲ್ಲಿ ಮಾತ್ರ. ಯಾರಿಗೂ ಕೊಡಲಿಲ್ಲ. ಕೇಳಿದವರಿಗೆ "ಇನ್ನೂ ಸ್ವಲ್ಪ ಕೆಲಸ ಇದೆ" ಅಂತ ಹೇಳುತ್ತಿದ್ದೆ.

ತಂಗಿಯ ಮದುವೆಗೆ ಅಂತ ಮುಧೋಳಕ್ಕೆ ನಾಲ್ಕು ದಿನ ಹೋದೆ. ಶುಕ್ರವಾರ ಅಕ್ಷತೆ ಬೀಳುವ ಹೊತ್ತಿಗೆ ಫೋನು. ಮಂಟಪದ ಹಿಂದೆ, ಅಡುಗೆಯವರ ಹೊಗೆಯಲ್ಲಿ ನಿಂತು ಒಂದೊಂದೇ ಸಾಲು ಹೇಳಿ ಟೈಪ್ ಮಾಡಿಸಿದೆ. ಒಂದು ಗಂಟೆ. ಆ ಹೊತ್ತಿನಲ್ಲಿ ನನಗೆ ಎಂಥ ಹೆಮ್ಮೆ ಗೊತ್ತಾ? ನಾನಿಲ್ಲದೆ ನಡೆಯಲ್ಲ ಅಂತ. ವಾಪಸ್ ಬಂದು ಎರಡು ವಾರಕ್ಕೆ ನೋಡಿದರೆ ಇನ್ನೊಬ್ಬ ಹುಡುಗನಿಗೆ ಅದನ್ನೇ ಮೊದಲಿನಿಂದ ಬರೆಯಲು ಕೂರಿಸಿದ್ದಾರೆ. ಲೀಡ್ ಏನೂ ಬೈಯಲಿಲ್ಲ. ನನ್ನನ್ನು ಕೇಳುವುದು ಬಿಟ್ಟರು, ಅಷ್ಟೇ. ಡಿಸೆಂಬರ್‌ನಲ್ಲಿ ಕರಾರು ಮುಗಿಯಿತು, ಕೈಕುಲುಕಿ ಕಳಿಸಿದರು.

ಗಿರ್ಮಿಟ್
ಕಾಕಾ, 2008ರ ಡಿಸೆಂಬರ್‌ನಲ್ಲಿ ಸ್ಕ್ರಿಪ್ಟನ್ನು ಬೆಳ್ಳಿ ತಟ್ಟೆಯಲ್ಲಿಟ್ಟು ಕೊಟ್ಟಿದ್ದರೂ ಕಳಿಸುತ್ತಿದ್ದರು. ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕ್ ಬಿತ್ತಲ್ಲ, ಆ ವರ್ಷ ಪರ್ಮನೆಂಟ್‌ನವರಿಗೇ ಗ್ಯಾರಂಟಿ ಇರಲಿಲ್ಲ.

ಖರಾಡಿ ಕಾಕಾ
ಇರಬಹುದಪ್ಪ. ಹದಿನೈದು ವರ್ಷಕ್ಕೂ ಮೇಲೆ ಅದನ್ನೇ ಹೇಳಿ ಸಮಾಧಾನ ಮಾಡಿಕೊಂಡಿದ್ದೇನೆ. ಆದರೆ ಆ ಇನ್ನೊಬ್ಬ ಹುಡುಗನನ್ನು ಉಳಿಸಿಕೊಂಡರು.

ಕೆಂಪು ಟೆಸ್ಟ್
ನಾನೂ ಟೆಸ್ಟಿಂಗ್‌ನವಳೇ, ಏಳು ವರ್ಷ, ಮಗರ್‌ಪಟ್ಟಾ. ಬಚ್ಚಿಡಬೇಕಾ, ಕೊಡಬೇಕಾ ಅನ್ನುವ ಜಗಳ ಬಿಡಿ. ಗದಗದ ತಂಗಿ, ನೀನು ಆ ಶೀಟಿನಲ್ಲೇ ಸಿಕ್ಕಿಕೊಂಡಿದ್ದೀಯ. ದಿನಾ ಬೆಳಿಗ್ಗೆ ಬಣ್ಣ ಹಚ್ಚೋದು ಒಳ್ಳೆಯ ಇಂಟರ್ನ್ ಕೆಲಸ. ಆ ಟೆಸ್ಟ್ ಸುಮ್ಸುಮ್ನೆ ಬೀಳದ ಹಾಗೆ ಮಾಡೋದು ಎಂಜಿನಿಯರ್ ಕೆಲಸ. ಮ್ಯಾನೇಜರ್ ಮೇಲಿನವರಿಗೆ ಬರೆಯಬೇಕಾದ ಕಾರಣ ಇದೆಯಲ್ಲ, ಎಚ್‌ಆರ್ ಅಕ್ಕ ಹೇಳಿದ್ದು, ಅದು ಅಲ್ಲಿ ಸಿಗುತ್ತೆ.

ಒಂದು ಪ್ರಶ್ನೆ. ಕೋಡಿನಲ್ಲಿ ಐದು ಸೆಕೆಂಡ್ ಸ್ಲೀಪ್, ಹತ್ತು ಸೆಕೆಂಡ್ ಸ್ಲೀಪ್, ಅಂದರೆ ಅಷ್ಟು ಹೊತ್ತು ಸುಮ್ನೆ ಕಾಯಿ ಅಂತ ಎಲ್ಲೆಲ್ಲೂ ಇದೆಯಾ?

ಗದಗ ಟು ವಾಕಡ್
ತುಂಬಾ ಇದೆ. ಎಣಿಸಿಲ್ಲ, ಆದರೆ ಯಾವ ಫೈಲ್ ತೆಗೆದರೂ ಇದೆ.

ಕೆಂಪು ಟೆಸ್ಟ್
ನಿನ್ನ ಕೆಂಪಿನಲ್ಲಿ ಅರ್ಧ ಅದೇ ಅಂತ ನನ್ನ ಅನುಮಾನ. ಸರ್ವರ್ ಐದು ಸೆಕೆಂಡಿನಲ್ಲಿ ಬಂದರೆ ಪಾಸ್, ಆರಾದರೆ ಫೇಲ್. ಅದನ್ನು ತೆಗೆದು "ಬಟನ್ ಕಾಣುವವರೆಗೆ ಕಾಯಿ, ಮೂವತ್ತು ಸೆಕೆಂಡ್ ಆದರೂ ಕಾಣದಿದ್ದರೆ ಬಿಡು" ಅಂತ ಬರೆ. ಬೇಗ ಬಂದರೆ ಬೇಗ ಮುಂದೆ ಹೋಗುತ್ತೆ, ಹಾಗಾಗಿ ರಾತ್ರಿ ಓಟದ ಹೊತ್ತೂ ಇಳಿಯುತ್ತೆ. ಎರಡನೆಯದು ಡೇಟಾ. ಎಲ್ಲ ಟೆಸ್ಟೂ ಒಂದೇ ಗ್ರಾಹಕನ ಖಾತೆ ಬಳಸುತ್ತಿದ್ದರೆ ಒಂದು ಟೆಸ್ಟ್ ಅಳಿಸಿದ್ದನ್ನು ಇನ್ನೊಂದು ಹುಡುಕುತ್ತಾ ಬೀಳುತ್ತೆ. ಪ್ರತಿ ಟೆಸ್ಟ್ ತನಗೆ ಬೇಕಾದ ಖಾತೆ ತಾನೇ ಹುಟ್ಟಿಸಿಕೊಂಡು, ಮುಗಿದ ಮೇಲೆ ತಾನೇ ಒರೆಸಿ ಹೋಗಬೇಕು.

212ನ್ನೂ ಒಟ್ಟಿಗೆ ಮುಟ್ಟಬೇಡ. ನಿನ್ನ ಶೀಟಿನಲ್ಲೇ ಎಲ್ಲದಕ್ಕಿಂತ ಜಾಸ್ತಿ ಸಲ ಸುಮ್ನೆ ಬಿದ್ದ ಹತ್ತು ಟೆಸ್ಟ್ ತೆಗೆ. ಅವನ್ನು ಮೂರು ವಾರದಲ್ಲಿ ಸರಿ ಮಾಡು. ಮೊದಲು ದಿನಕ್ಕೆ ಎಷ್ಟು ಸುಳ್ಳು ಕೆಂಪು, ಈಗ ಎಷ್ಟು, ಎರಡು ಸಂಖ್ಯೆ ಬರೆದಿಡು.

ಗಿರ್ಮಿಟ್
ಸಂಬಳ ಇಂಟರ್ನ್‌ದು, ಕೆಲಸ ಎಂಜಿನಿಯರ್‌ದು. ಭೇಷ್!

ಕೆಂಪು ಟೆಸ್ಟ್
ಹೌದು, ಅನ್ಯಾಯವೇ. ಆದರೆ ಇವರು ಇಡದಿದ್ದರೂ ಮುಂದಿನ ಇಂಟರ್ವ್ಯೂನಲ್ಲಿ ಹೇಳಲು ಏನಾದರೂ ಬೇಕಲ್ವಾ ಗಿರ್ಮಿಟ್ ಅವರೇ? "ಶೀಟಿಗೆ ಬಣ್ಣ ಹಚ್ಚುತ್ತಿದ್ದೆ" ಅಂತ ಹೇಳಲಾ?

ಚಾಕಣ್ ಬಿ ಶಿಫ್ಟ್
ಐಟಿ ಮಂದಿ ಇಂಟರ್ನ್, ಟ್ರೇನಿ, ಅಪ್ರೆಂಟಿಸ್ ಎಲ್ಲ ಒಂದೇ ಅಂದುಕೊಂಡು ಮಾತಾಡುತ್ತಿದ್ದೀರಿ. ನಮ್ಮ ಫ್ಯಾಕ್ಟರಿ ಕಡೆ ಹುಡುಗರು ಬಂದರೆ ಮೊದಲು ಕೇಳಬೇಕಾದ್ದು ಲೆಟರ್‌ನಲ್ಲಿ ಯಾವ ಪದ ಇದೆ ಅಂತ. ಅಪ್ರೆಂಟಿಸ್ ಅಂದರೆ 1961ರ ಅಪ್ರೆಂಟಿಸ್ ಕಾಯ್ದೆ ಬರುತ್ತೆ. ಸರ್ಕಾರಿ ಪೋರ್ಟಲ್‌ನಲ್ಲಿ ಕರಾರು ನೋಂದಾಯಿಸಬೇಕು. ಆ ಕಾಯ್ದೆಯಡಿ ನೀನು ಕಲಿಯುವವನು, ಕಾರ್ಮಿಕ ಅಲ್ಲ, ಹಾಗಾಗಿ ಪಿಎಫ್ ಇಲ್ಲ. ಕರಾರಿನಲ್ಲೇ ಹಾಗೆ ಬರೆದಿರದಿದ್ದರೆ, ಅವಧಿ ಮುಗಿದ ಮೇಲೆ ಕಂಪನಿ ಕೆಲಸ ಕೊಡಲೇಬೇಕು ಅಂತಲೂ ಇಲ್ಲ. ಕೊಟ್ಟರೆ ನೀನು ತಗೊಳ್ಳಲೇಬೇಕು ಅಂತಲೂ ಇಲ್ಲ.

ನಾನು ಬೀದರ್‌ನಿಂದ ಐಟಿಐ ಮುಗಿಸಿ ಬಂದವನು. ಒಂದು ಕಡೆ ಒಂದು ವರ್ಷ ಅಪ್ರೆಂಟಿಸ್, ಆಮೇಲೆ ಮನೆಗೆ. ಇನ್ನೊಂದು ಕಡೆ ಕಾಂಟ್ರಾಕ್ಟ್‌ನಲ್ಲಿ ಎರಡು ವರ್ಷ. ಮೂರನೇ ಕಡೆ ಪರ್ಮನೆಂಟ್. ನಮ್ಮಲ್ಲಿ ಬಘೂಯಾ ಅಂತಲೂ ಯಾರೂ ಹೇಳಲ್ಲ. ಒಂದು ಬೆಳಿಗ್ಗೆ ಗೇಟ್ ಪಾಸ್ ಪಂಚ್ ಆಗಲ್ಲ, ಮುಗೀತು.

ಫೇಸ್ 3 ಟ್ರಾಫಿಕ್
ಪಿಎಂ ಇಂಟರ್ನ್‌ಶಿಪ್ ಯೋಜನೆ ಅಂತ ಬಂತಲ್ಲ, ಅದೂ ಹೀಗೇನಾ?

ನಾನೂ ಎಚ್‌ಆರೇ
ಅದು ಬೇರೆ. 2024ರ ಜುಲೈ ಬಜೆಟ್‌ನಲ್ಲಿ ಹೇಳಿದ್ದು, 500 ದೊಡ್ಡ ಕಂಪನಿಗಳಲ್ಲಿ 12 ತಿಂಗಳು, ತಿಂಗಳಿಗೆ 5,000. ಶುರುವಿನಲ್ಲಿ ವಯಸ್ಸು 21ರಿಂದ 24 ಅಂತ ಇಟ್ಟಿದ್ದರು. ವಾಕಡ್‌ನಲ್ಲಿ 5,000ಕ್ಕೆ ಹಾಸಿಗೆ ಕೂಡ ಸಿಗಲ್ಲ, ಊರಿನ ಹತ್ತಿರ ಸಿಕ್ಕರೆ ನೋಡಬಹುದು.

ಶಿವಾಜಿನಗರ ಲೋಕಲ್
ತಂಗಿ, ಆ 20,000ದಲ್ಲಿ 2,000 ಹೋಗುತ್ತಿದೆಯಲ್ಲ, ಅದು 10% ಟಿಡಿಎಸ್, ದುಡ್ಡು ಕೊಡುವಾಗಲೇ ಹಿಡಿಯುವ ತೆರಿಗೆ. ಬಹಳ ಕಂಪನಿಗಳು ಇಂಟರ್ನ್‌ಗೆ ಸಂಬಳದ ಲೆಕ್ಕ ಹಾಕದೆ, ಹೊರಗಿನ ಸಲಹೆಗಾರರಿಗೆ ಹಿಡಿಯುವ ಹಾಗೆ ಹಿಡಿಯುತ್ತವೆ. ಆ ದುಡ್ಡು ಎಲ್ಲೂ ಹೋಗಿಲ್ಲ. ಇನ್ಕಮ್ ಟ್ಯಾಕ್ಸ್ ಸೈಟಿನಲ್ಲಿ ನಿನ್ನ ಪ್ಯಾನ್ ಹಾಕಿ 26ಎಎಸ್, ಅಂದರೆ ನಿನ್ನ ಹೆಸರಲ್ಲಿ ಕಟ್ಟಿದ ತೆರಿಗೆಯ ಪಟ್ಟಿ, ತೆಗೆದು ನೋಡು, ಅಲ್ಲಿ ಕಾಣಬೇಕು. ಕಾಣದಿದ್ದರೆ ಕಂಪನಿಯನ್ನು ಕೇಳು. ವರ್ಷದ ಆದಾಯ ತೆರಿಗೆ ಮಿತಿಗಿಂತ ಕಡಿಮೆ ಇದ್ದರೆ ರಿಟರ್ನ್ ಹಾಕು, ಪೂರ್ತಿ ವಾಪಸ್ ಬರುತ್ತೆ. ಫೆಬ್ರವರಿ, ಮಾರ್ಚ್‌ದು ಹೋದ ಆರ್ಥಿಕ ವರ್ಷದ ಲೆಕ್ಕ, ಅದರ ರಿಟರ್ನ್ ಈಗಲೇ ಹಾಕಬಹುದು. ಏಪ್ರಿಲ್‌ನಿಂದ ಮುಂದಿನದು ಬರುವ ವರ್ಷ.

ಗದಗ ಟು ವಾಕಡ್
ನಾಲ್ಕು ತಿಂಗಳಿಂದ ಕಂಪನಿಯವರೇ ಇಟ್ಟುಕೊಳ್ಳುತ್ತಾರೆ ಅಂದುಕೊಂಡಿದ್ದೆ 😭 ಈಗ ತೆಗೆದು ನೋಡಿದೆ, ಇದೆ!

ಔಂಧ್ ಅಣ್ಣ
ಬೆಂಗಳೂರಿನ ಆಫರ್ ಬಗ್ಗೆ ಯಾರೂ ಮಾತಾಡ್ತಿಲ್ಲ. ಕೈಯಲ್ಲಿರೋದು ಅದೊಂದೇ. ಬಾಂಡ್‌ಗೆ ಹೆದರಬೇಡ, ಅದು ಬರೀ ಕಾಗದ, ಕೋರ್ಟಿನಲ್ಲಿ ನಿಲ್ಲಲ್ಲ.

ಕೋರ್ಟು ಕಚೇರಿ
ದಯವಿಟ್ಟು ಹಾಗೆ ಹೇಳಬೇಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಬಾಂಡನ್ನು ಎತ್ತಿಹಿಡಿದಿದೆ. ನಮ್ಮ ಮಂಗಳೂರಲ್ಲಿ ಹುಟ್ಟಿದ ಬ್ಯಾಂಕೇ. ಮೂರು ವರ್ಷ ಕೆಲಸ ಮಾಡಬೇಕು, ಇಲ್ಲದಿದ್ದರೆ 2 ಲಕ್ಷ ಅಂತ ಷರತ್ತಿತ್ತು. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಉದ್ಯೋಗಕ್ಕೆ ಅಡ್ಡಿ ಮಾಡುವ ಕರಾರು ನಡೆಯಲ್ಲ ಅಂತ ವಾದ ಆಯ್ತು. ಕೆಲಸದಲ್ಲಿ ಇರುವಷ್ಟು ದಿನಕ್ಕೆ ಹಾಕಿದ ಷರತ್ತು ಅಡ್ಡಿ ಅಲ್ಲ ಅಂದಿತು ಕೋರ್ಟು.

ಅದು ಸರ್ಕಾರಿ ಬ್ಯಾಂಕು, ದೊಡ್ಡ ಹುದ್ದೆ. 3.6 ಲಕ್ಷ ಕೊಡುವ ಸಣ್ಣ ಕಂಪನಿ ಒಂದೂವರೆ ಲಕ್ಷ ಕೇಳಿದರೆ, ಅಷ್ಟು ನಿಜವಾಗಿ ನಷ್ಟ ಆಯ್ತಾ ಅಂತ ಕೋರ್ಟು ನೋಡಬಹುದು, 74ನೇ ಸೆಕ್ಷನ್ ಇದೆ. ಆದರೆ ನೋಡಿಸಲು ಕೋರ್ಟಿಗೆ ಅಲೆಯಬೇಕಲ್ಲ? ಸಹಿ ಹಾಕಿದರೆ ಕಟ್ಟಬೇಕಾಗಬಹುದು ಅಂದುಕೊಂಡೇ ಹಾಕಿ. ಇನ್ನೊಂದು, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇವೆ ಅಂದರೆ ಅಲ್ಲಿಂದ ಎದ್ದು ಬನ್ನಿ. ತೋರಿಸಿ, ವಾಪಸ್ ಕಿಸೆಗೆ.

ಔಂಧ್ ಅಣ್ಣ
ಸರಿ ಸ್ವಾಮಿ, ಮಾತು ವಾಪಸ್ ತಗೊಂಡೆ.

ಶಿವಾಜಿನಗರ ಲೋಕಲ್
ಪುಣೆಯವರು ಲೆಟರ್ ಕೊಟ್ಟರೂ ದೊಡ್ಡ ಅಂಕಿ ನೋಡಿ ಕುಣಿಯಬೇಡ. ನನ್ನ ತಮ್ಮನಿಗೆ ಹೋದ ವರ್ಷ 6 ಲಕ್ಷದ ಲೆಟರ್ ಬಂತು, ತಿಂಗಳಿಗೆ 50,000 ಅಂತ ಮನೆಯಲ್ಲೆಲ್ಲ ಪೇಡೆ ಹಂಚಿದರು. ನಾನು ಕೂತು ಲೆಕ್ಕ ಹಾಕಿದೆ. 50,000ದಲ್ಲಿ ವೇರಿಯಬಲ್ 5,000, ಅದು ವರ್ಷದ ಕೊನೆಗೆ, ಬಂದರೆ ಬಂತು. ಬೇಸಿಕ್ 25,000. ಕಂಪನಿ ಕಟ್ಟುವ ಪಿಎಫ್ 1,800ನ್ನೂ ಪ್ಯಾಕೇಜಿನ ಒಳಗೇ ಸೇರಿಸಿದ್ದಾರೆ. ಗ್ರಾಚ್ಯುಟಿ ಬೇಸಿಕ್‌ನ 4.81%, ಅಂದರೆ 1,202. ಅದು ಕೈಗೆ ಬರಬೇಕಾದರೆ ಐದು ವರ್ಷ ಅಲ್ಲೇ ಇರಬೇಕು. ಇವನ ಪಾಲಿನ ಪಿಎಫ್ ಇನ್ನೊಂದು 1,800. ಮಹಾರಾಷ್ಟ್ರದ ಪ್ರೊಫೆಷನಲ್ ಟ್ಯಾಕ್ಸ್ 200. ಉಳಿದಿದ್ದು 39,998. ನಲವತ್ತಕ್ಕೆ ಎರಡು ರೂಪಾಯಿ ಕಮ್ಮಿ. ಫೆಬ್ರವರಿಯಲ್ಲಿ ಟ್ಯಾಕ್ಸ್ 300, ಆಗ 102 ಕಮ್ಮಿ.

ಗಿರ್ಮಿಟ್
ಆ ಎರಡು ರೂಪಾಯಿ ನಾನು ಕೊಡ್ತೀನಿ ಬಿಡಿ, ತಮ್ಮನಿಗೆ ಬೇಜಾರಾಗೋದು ಬೇಡ.

ಮಡಗಾಂವ್ ಮಾಮ
ಗೋವಾದಲ್ಲಿ ಹೋಟೆಲ್ ಲೈನ್‌ನವರ ಕಥೆ ಕೇಳಿದರೆ ಇದೆಲ್ಲ ಸ್ವರ್ಗ ಅನ್ನಿಸುತ್ತೆ. ಅಕ್ಟೋಬರ್‌ನಲ್ಲಿ ಟ್ರೇನಿ ಬರುತ್ತಾರೆ, ಸೀಸನ್ ಪೂರ್ತಿ ಎರಡು ಪಾಳಿ, ಮೇ ತಿಂಗಳಿಗೆ ಸರ್ಟಿಫಿಕೇಟ್. ಮಳೆಗಾಲಕ್ಕೆ ಯಾರನ್ನು ಉಳಿಸುತ್ತಾರೋ ಅವರೇ ಪರ್ಮನೆಂಟ್ ಆಗೋದು. ನನ್ನನ್ನು ಉಳಿಸಿದ್ದು ನನ್ನ ಇಂಗ್ಲಿಷ್ ನೋಡಿ ಅಲ್ಲ, ಜೂನ್‌ನಲ್ಲಿ ಸ್ಟೋರ್‌ರೂಮಿಗೆ ನೀರು ನುಗ್ಗಿದಾಗ ಅಕ್ಕಿ ಚೀಲ ಎಲ್ಲೆಲ್ಲಿವೆ ಅಂತ ಕತ್ತಲಲ್ಲೂ ಗೊತ್ತಿದ್ದವನು ನಾನೊಬ್ಬನೇ ಅಂತ.

ಔಂಧ್ ಅಣ್ಣ
ನೋಡಿದ್ರಾ! ನಾನು ಹೇಳಿದ್ದೂ ಅದೇ. ಒಬ್ಬರಿಗೇ ಗೊತ್ತಿರಬೇಕು.

ಖರಾಡಿ ಕಾಕಾ
ಅವರು ಚೀಲ ಬಚ್ಚಿಟ್ಟಿರಲಿಲ್ಲ ಮಾರಾಯ.

ಫೇಸ್ 3 ಟ್ರಾಫಿಕ್
ಮರಾಠಿ ಬಗ್ಗೆ ಯಾರಾದ್ರೂ ಹೇಳಿ. ನಮ್ಮ ಟೀಮಿನಲ್ಲಿ ಮೀಟಿಂಗ್ ಇಂಗ್ಲಿಷ್, ನಿರ್ಧಾರ ಎಲ್ಲ ಟಪರಿ ಹತ್ತಿರ ಮರಾಠಿಯಲ್ಲಿ. ಮೊದಲ ವರ್ಷ ನಾನು ಡೆಸ್ಕಿನಲ್ಲೇ ಚಹಾ ಕುಡಿದೆ. ತಪ್ಪು ಮಾಡಿದೆ.

ನಾನೂ ಎಚ್‌ಆರೇ
ಇದು ನಿಜ. ಯಾರೂ ಬೇಕಂತ ದೂರ ಇಡಲ್ಲ, ಆದರೆ ಅಲ್ಲಿ ನಿಂತವರ ಹೆಸರು ಬಾಯಿಗೆ ಬೇಗ ಬರುತ್ತೆ. ಬೆಳಗಾವಿ, ನಿಪ್ಪಾಣಿ ಹುಡುಗರಿಗೆ ಇಲ್ಲಿ ಬಂದ ದಿನವೇ ಅನುಕೂಲ. ಗದಗದವರಿಗೆ ಆರು ತಿಂಗಳು ಬೇಕು. ತಪ್ಪು ತಪ್ಪಾಗಿ ಮಾತಾಡಿದರೂ ಖುಷಿ ಪಡುತ್ತಾರೆ, ಸುಮ್ನೆ ನಗುತ್ತಾರೆ ಅಷ್ಟೇ.

ಚಾಕಣ್ ಬಿ ಶಿಫ್ಟ್
ಹಿಂಜವಾಡಿ ಮೆಟ್ರೋ ಓಡಿದ ಮೇಲೆ ಎಲ್ಲ ಸರಿ ಹೋಗುತ್ತೆ 😄

ಫೇಸ್ 3 ಟ್ರಾಫಿಕ್
ಅದರ ಸುದ್ದಿ ಎತ್ತಬೇಡಿ. 2018ರ ಡಿಸೆಂಬರ್‌ನಲ್ಲಿ ಶಂಕುಸ್ಥಾಪನೆ ಆದಾಗ ನಾನು ಇಂಟರ್ನ್. 2024ರಲ್ಲಿ ಲೀಡ್ ಆದೆ, ಆಗಲೂ ಕಂಬದ ಪಕ್ಕದಲ್ಲೇ ಬಸ್ಸಿಗೆ ಕಾಯುತ್ತಿದ್ದೆ. ನಾನು ಮೊದಲು ಪರ್ಮನೆಂಟ್ ಆದೆ.

ನಿರ್ವಾಹಕರು
ಎರಡು ಉತ್ತರ ಅಳಿಸಿದ್ದೇವೆ. ಕಂಪನಿಯ ಹೆಸರು, ಮ್ಯಾನೇಜರ್ ಹೆಸರು ಬರೆಯಬೇಡಿ. ಟ್ರಾಫಿಕ್ ಬೈಯಲು ಬೇರೆ ಎಳೆ ಇದೆ, ಅಲ್ಲಿ ಬೈಯಿರಿ.

ಗದಗ ಟು ವಾಕಡ್
ಎಲ್ಲರಿಗೂ ಥ್ಯಾಂಕ್ಸ್. ಸೋಲಾಪುರದ ಅಕ್ಕನ ಜೊತೆ ಚಹಾ ಕುಡಿದೆ. ಅವರಿಗೂ ಹೋದ ವರ್ಷ ಜುಲೈನಲ್ಲಿ ಇಂಟರ್ನ್‌ಶಿಪ್ ಮುಗಿದಿತ್ತಂತೆ, ಲೆಟರ್ ಬಂದಿದ್ದು ಅಕ್ಟೋಬರ್‌ನಲ್ಲಿ. ಮಧ್ಯೆ ಮೂರು ತಿಂಗಳು ಇಂಟರ್ನ್‌ಶಿಪ್ಪನ್ನೇ ಮುಂದುವರಿಸಿದ್ದರಂತೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ! ಸೋಮವಾರ ಮ್ಯಾನೇಜರ್ ಹತ್ತಿರ ಅರ್ಧ ಗಂಟೆ ಕೇಳಿದ್ದೇನೆ. ಹತ್ತು ಟೆಸ್ಟ್ ಆರಿಸಿ ಶುರು ಮಾಡಿದ್ದೇನೆ, ಮೂರು ಈಗಾಗಲೇ ಹಸಿರು.

ಒಂದು ಡೌಟು. ಈ ಆರು ತಿಂಗಳು ಅನುಭವ ಅಂತ ಲೆಕ್ಕಕ್ಕೆ ಬರುತ್ತಾ?

ನಾನೂ ಎಚ್‌ಆರೇ
ಬಹಳ ಕಡೆ ಬರಲ್ಲ. ರೆಸ್ಯೂಮೆಯಲ್ಲಿ ಇಂಟರ್ನ್‌ಶಿಪ್ ಅಂತಲೇ ಬೇರೆ ಬರೆ. ಅದನ್ನು ಸೇರಿಸಿ "ಒಂದು ವರ್ಷ ಅನುಭವ" ಅಂತ ಬರೆದವರು ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ಸಿಕ್ಕಿಬೀಳುತ್ತಾರೆ. ತಾರೀಖು ಹೊಂದಲ್ಲ. ಸರ್ಟಿಫಿಕೇಟ್ ಮಾತ್ರ ಬಿಡದೆ ತಗೋ, ಶುರುವಿನ ದಿನ, ಕೊನೇ ದಿನ ಎರಡೂ ಇರಬೇಕು.

ಗದಗ ಟು ವಾಕಡ್
ಇವತ್ತು ಜೂನ್ 21. ಏನಾಯ್ತು ಅಂತ ಹೇಳದಿದ್ದರೆ ತಪ್ಪಾಗುತ್ತೆ.

ಆ ಸೋಮವಾರ ಆ ಮೂರೂ ಪ್ರಶ್ನೆ ಕೇಳಿದೆ. ಕೈ ತಣ್ಣಗಾಗಿತ್ತು. ಮ್ಯಾನೇಜರ್ ಈ ಸಲ ನಗಲಿಲ್ಲ, ಲ್ಯಾಪ್‌ಟಾಪ್ ಮುಚ್ಚಿದರು. ಸೀಟು ಒಂದೇ ಇದೆ, ಒಪ್ಪಿಗೆ ಅಕ್ಟೋಬರ್‌ಗೆ, ಮೂವರಲ್ಲಿ ನಿನ್ನ ಹೆಸರು ಹಾಕಿದ್ದೇನೆ, ಆದರೆ ಕಾಗದದಲ್ಲಿ ಏನೂ ಕೊಡೋಕೆ ಆಗಲ್ಲ ಅಂದರು. ಎಚ್‌ಆರ್ ಅಕ್ಕನಿಗೆ ಮೆಸೇಜ್ ಹಾಕಿದೆ. ಸೀಟು ಬೇಡ, ಇಂಟರ್ನ್‌ಶಿಪ್ ಮುಂದುವರಿಸೋದನ್ನಾದರೂ ಮೇಲ್‌ನಲ್ಲಿ ಕೇಳು, ಸ್ಟೈಪೆಂಡ್ ಜಾಸ್ತಿ ಮಾಡಿ ಅಂತಲೂ ಸೇರಿಸು ಅಂದರು. ಹಾಕಿದೆ. ಅಕ್ಟೋಬರ್ 31ರವರೆಗೆ, 28,000ಕ್ಕೆ ಅಂತ ಮೇಲ್ ಬಂತು. ಆ ಮೇಲ್‌ನಲ್ಲಿ ಸುಳ್ಳು ಕೆಂಪು 34ರಿಂದ 19ಕ್ಕೆ ಇಳಿದಿದ್ದನ್ನೂ ಮ್ಯಾನೇಜರ್ ಅವರೇ ಬರೆದಿದ್ದಾರೆ, ಮೇಲಿನವರಿಗೆ ಸಿಸಿ ಹಾಕಿ.

ಬೆಂಗಳೂರಿನವರಿಗೆ ಒಂದು ವಾರ ಸಮಯ ಕೇಳಿದೆ. ಆಗಲ್ಲ ಅಂದರು. ನಿನ್ನೆ ಬೇಡ ಅಂತ ಬರೆದುಬಿಟ್ಟೆ. ಅಪ್ಪ ಫೋನಿನಲ್ಲಿ "ಸರಿ" ಅಂದು ಅಮ್ಮನಿಗೆ ಕೊಟ್ಟರು. ಇವತ್ತೂ ಮಾತಾಡಿಲ್ಲ.

ಗಿರ್ಮಿಟ್
ಕೈಯಲ್ಲಿದ್ದ 3.6 ಲಕ್ಷ ಬಿಟ್ಟು, ಕಾಗದವಿಲ್ಲದ ಅಕ್ಟೋಬರ್ ಹಿಡಿದಿದ್ದೀಯ. ನನಗೆ ಸರಿ ಅನ್ನಿಸಲ್ಲ. ಆದರೆ 34ರಿಂದ 19, ಅದು ಚೆನ್ನಾಗಿದೆ.

ಔಂಧ್ ಅಣ್ಣ
ನನಗೂ ಸರಿ ಅನ್ನಿಸಲ್ಲ. ಬಾಂಡ್ ಇದ್ದರೂ ಅದು ಕೆಲಸ.

ಕೆಂಪು ಟೆಸ್ಟ್
ಸಿಸಿ ಹಾಕಿ ಬರೆದಿದ್ದಾರೆ ಅಂದರೆ ಆ ಮನುಷ್ಯ ನಿನ್ನ ಪರವಾಗಿ ಫೈಲ್ ಕಟ್ಟುತ್ತಿದ್ದಾನೆ. ನಾನಾದರೂ ಇದನ್ನೇ ಮಾಡುತ್ತಿದ್ದೆ. ಆದರೂ ಆಗಸ್ಟ್‌ನಿಂದ ಬೇರೆ ಕಡೆಯೂ ಅರ್ಜಿ ಹಾಕುತ್ತಿರು. ಉಳಿದ 19ರ ಪಟ್ಟಿ ನನಗೆ ಕಳಿಸು, ಭಾನುವಾರ ನೋಡ್ತೀನಿ. ಕಂಪನಿಯ ಕೋಡ್ ಕಳಿಸಬೇಡ ಮತ್ತೆ, ಯಾಕೆ ಬೀಳುತ್ತೆ ಅಂತ ಮಾತಿನಲ್ಲಿ ಬರೆ ಸಾಕು.

ಖರಾಡಿ ಕಾಕಾ
ಅಪ್ಪನಿಗೆ ಆ ಮೇಲ್‌ನ ಪ್ರಿಂಟ್ ತೆಗೆದು ಕೊಡು ಮಗಳೇ. ನಮ್ಮ ಕಡೆಯ ಹಿರಿಯರಿಗೆ ಮೊಬೈಲ್‌ನಲ್ಲಿ ತೋರಿಸಿದರೆ ನಂಬಿಕೆ ಬರಲ್ಲ, ಕಾಗದ ಬೇಕು. ಹುಬ್ಬಳ್ಳಿ ವಂದೇ ಭಾರತ್ ಹಿಡಿದರೆ ರಾತ್ರಿಯೊಳಗೆ ಊರಿನ ಹತ್ತಿರ ಇರ್ತೀ.

ಗದಗ ಟು ವಾಕಡ್
ಆ ಟಿಕೆಟ್ ದುಡ್ಡಿನಲ್ಲಿ ಬಸ್ಸಿಗೆ ಹೋಗಿ ಬಂದುಬಿಡ್ತೀನಿ ಕಾಕಾ 😄 ಶುಕ್ರವಾರ ರಾತ್ರಿ ಹೊರಡುತ್ತೇನೆ. ಪ್ರಿಂಟ್ ತೆಗೆದೆ.

ಫೇಸ್ 3 ಟ್ರಾಫಿಕ್
ಬರುವಾಗ ಕಟಕ್ ರೊಟ್ಟಿ ತಾ. ಇಲ್ಲಿ ಎಲ್ಲಿ ಕೇಳಿದರೂ ದಪ್ಪ ಭಾಕರಿ ಕೊಡ್ತಾರೆ.

ಚಾಕಣ್ ಬಿ ಶಿಫ್ಟ್
ನನಗೂ. ಶೇಂಗಾ ಚಟ್ನಿ ಪುಡಿ ಕೂಡ.

ಗದಗ ಟು ವಾಕಡ್
ಅಮ್ಮ ಐವತ್ತು ತಟ್ಟಿ ಒಣಗಿಸಿಟ್ಟಿದ್ದಾರಂತೆ. ಸೋಮವಾರ ಬೆಳಿಗ್ಗೆ ವಾಕಡ್ ಪುಲ್ ಕೆಳಗೆ ಇಳೀತೀನಿ, ಆರೂವರೆಗೆ. ಬೇಕಾದವರು ಡಬ್ಬಿ ತಗೊಂಡು ಬನ್ನಿ, ಎಂಟೂವರೆಗೆ ನಾನು ಆಫೀಸಿನಲ್ಲಿರಬೇಕು.